ಆದರ್ಶ ತರಗತಿ ಕೋಣೆ: ಭಾವಿ ಶಿಕ್ಷಕರ ಕಲ್ಪನೆಯಲ್ಲಿ

ತರಗತಿ ಕೋಣೆಯ ಭೌತಿಕ ಪರಿಸರ ಎಂದಾಗ ಗೋಡೆ, ನೆಲ, ಚಾವಣಿ, ಬೆಂಚು, ಕಪ್ಪುಹಲಗೆಗಳು ಥಟ್ಟನೆ ನೆನಪಾಗುತ್ತವೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಗಳೂ ಅದರಲ್ಲಿ ಸೇರಿವೆ: ಕಿಟಕಿಯಿಂದ ಬೀಳುವ ಬೆಳಕು, ಗಾಳಿಯ ಓಡಾಟ, ಸೆಕೆ, ಹೊರಗಿನ ಗದ್ದಲ, ಒಂದು ಮಗುವಿಗೂ ಮತ್ತೊಂದಕ್ಕೂ ನಡುವೆ ಉಳಿಯುವ ಜಾಗ. ಡಿ.ಎಡ್., ಬಿ.ಎಡ್. ಓದುತ್ತಿರುವ ಪ್ರಶಿಕ್ಷಣಾರ್ಥಿಗಳು ಕೆಲಸಕ್ಕೆ ಸೇರುವ ಮೊದಲೇ ಇಂಥದೊಂದು ಕೋಣೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಾರೆ. ಅದು ಹೇಗಿರುತ್ತದೆ, ಎಲ್ಲಿಂದ ಬಂತು, ನಿಜವಾದ ಶಾಲೆಯ ಹೊಸ್ತಿಲು ದಾಟಿದ ಮೇಲೆ ಅದರ ಗತಿ ಏನಾಗುತ್ತದೆ ಎಂಬುದನ್ನು ಶಿಕ್ಷಣ ಸಂಶೋಧಕರು ಹಲವು ದಶಕಗಳಿಂದ ಹುಡುಕುತ್ತ ಬಂದಿದ್ದಾರೆ. ಅವರಿಗೆ ಸಿಕ್ಕ ಉತ್ತರಗಳನ್ನು, ನಿಜವಾದ ಕೋಣೆಗಳಲ್ಲಿ ನಡೆದ ಅಳತೆಯ ಅಧ್ಯಯನಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕನಸಿನ ಕೋಣೆಯಲ್ಲಿ ಕಣ್ಣಿಗೆ ಕಾಣುವ ವಸ್ತುಗಳದೇ ಭರಾಟೆ. ಕಲಿಕೆಯನ್ನು ಹೆಚ್ಚು ತಟ್ಟುವ ಗಾಳಿ, ತಾಪ, ಸದ್ದುಗಳಿಗೆ ಅಲ್ಲಿ ಜಾಗ ಕಡಿಮೆ.

ಅಧ್ಯಯನದ ದಾರಿ

ಅಮೆರಿಕದ ಸಮಾಜಶಾಸ್ತ್ರಜ್ಞ ಡಾನ್ ಲಾರ್ಟಿ 1975ರಲ್ಲಿ ಪ್ರಕಟಿಸಿದ 'ಸ್ಕೂಲ್‌ಟೀಚರ್' ಎಂಬ ಗ್ರಂಥ ಈ ಚರ್ಚೆಯ ಬುನಾದಿ. ವೈದ್ಯರಾಗಬೇಕೆಂದಿರುವವರು ಓದಿಗೆ ಸೇರುವ ಮುನ್ನ ಶಸ್ತ್ರಚಿಕಿತ್ಸೆಯ ಕೊಠಡಿಯ ಒಳಹೊಕ್ಕು ನೋಡಿರುವುದು ಅಪರೂಪ. ಶಿಕ್ಷಕರಾಗುವವರ ಪಾಡು ಬೇರೆ. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಶಿಕ್ಷಕರ ಎದುರಿನಲ್ಲಿ ಸುಮಾರು 13,000 ಗಂಟೆ ಕಳೆದಿರುತ್ತಾನೆ ಎಂದು ಲಾರ್ಟಿ ಲೆಕ್ಕ ಹಾಕಿದರು. ಈ ದೀರ್ಘ ವೀಕ್ಷಣೆಯೇ ಒಂದು ಬಗೆಯ ತರಬೇತಿ. ಆದರೆ ಅದು ಬೆಂಚಿನ ಕಡೆಯಿಂದ ಮಾಡಿದ ವೀಕ್ಷಣೆ. ಮೇಷ್ಟ್ರು ಮೇಜನ್ನು ಯಾಕೆ ಅಲ್ಲಿಟ್ಟರು, ಬೆಂಚುಗಳನ್ನು ಯಾಕೆ ಸರಿಸಲಿಲ್ಲ ಎಂಬ ಕಾರಣಗಳು ಆ ಕಡೆಯಿಂದ ಕಾಣುವುದಿಲ್ಲ. ಕೋಣೆಯ ರೂಪ ಮಾತ್ರ ಮನಸ್ಸಿಗೆ ಅಂಟಿಕೊಳ್ಳುತ್ತದೆ.

ಆ ರೂಪವನ್ನು ಹೊರತೆಗೆಯಲು ಸಂಶೋಧಕರು ಹೆಚ್ಚಾಗಿ ನೆಚ್ಚಿಕೊಂಡಿರುವ ಸಾಧನ ಪೆನ್ಸಿಲು, ಕಾಗದ. ಪಾಠ ಮಾಡುತ್ತಿರುವ ಶಿಕ್ಷಕರ ಚಿತ್ರ ಬಿಡಿಸಿ ಎಂದು ಹೇಳುವುದು, ಬಂದ ಚಿತ್ರಗಳಲ್ಲಿ ಏನೇನಿದೆ ಎಂದು ಗುರುತು ಹಾಕುವುದು. ಕೆನಡಾದ ಸಾಂಡ್ರಾ ವೆಬರ್ ಮತ್ತು ಕ್ಲಾಡಿಯಾ ಮಿಚೆಲ್ 1990ರ ದಶಕದಲ್ಲಿ ಮಕ್ಕಳಿಂದಲೂ ಪ್ರಶಿಕ್ಷಣಾರ್ಥಿಗಳಿಂದಲೂ ಇಂಥ ಚಿತ್ರಗಳನ್ನು ಸಂಗ್ರಹಿಸಿದರು. ಹೊಸ ಬೋಧನಾ ವಿಧಾನಗಳನ್ನು ಬಾಯಿತುಂಬ ಹೊಗಳುವವರ ಚಿತ್ರಗಳಲ್ಲೂ ಹಲಗೆಯ ಮುಂದೆ ಕೋಲು ಹಿಡಿದು ನಿಂತ ಶಿಕ್ಷಕಿ, ಎದುರಿಗೆ ಸಾಲುಸಾಲು ಬೆಂಚುಗಳು ಕಾಣಿಸಿಕೊಂಡವು. 2001ರಲ್ಲಿ ಥಾಮಸ್, ಪೆಡರ್ಸನ್ ಮತ್ತು ಫಿನ್ಸನ್ ಎಂಬ ಮೂವರು ವಿಜ್ಞಾನ ಶಿಕ್ಷಕರಾಗುವವರಿಗೆಂದು ಇದೇ ಮಾದರಿಯ ಪರೀಕ್ಷೆಯೊಂದನ್ನು ರೂಪಿಸಿದರು. ಚಿತ್ರವನ್ನು ಶಿಕ್ಷಕ, ವಿದ್ಯಾರ್ಥಿ, ಪರಿಸರ ಎಂದು ಮೂರು ಭಾಗ ಮಾಡಿ 0ಯಿಂದ 13ರವರೆಗೆ ಅಂಕ ಕೊಡುತ್ತಾರೆ. ಬೆಂಚುಗಳು ಸಾಲಾಗಿದ್ದರೆ ಒಂದು ಅಂಕ, ಶಿಕ್ಷಕರ ಮೇಜು ಮುಂದುಗಡೆ ಇದ್ದರೆ ಇನ್ನೊಂದು. ಅಂಕ ಏರಿದಷ್ಟೂ ಕೋಣೆ ಶಿಕ್ಷಕಕೇಂದ್ರಿತ ಎಂದರ್ಥ. ಟರ್ಕಿ ಸೇರಿದಂತೆ ಹಲವು ದೇಶಗಳಲ್ಲಿ ಈ ಪರೀಕ್ಷೆ ಬಳಕೆಯಾಗಿದೆ.

ಈ ವಿಧಾನಕ್ಕೆ ದೊಡ್ಡದೊಂದು ಮಿತಿಯಿದೆ. ಬೆಂಚನ್ನು ಬಿಡಿಸಬಹುದು, ಸೆಕೆಯನ್ನು ಬಿಡಿಸಲಾಗದು. ಪಕ್ಕದ ಕೋಣೆಯಿಂದ ತೂರಿಬರುವ ಮಗ್ಗಿಯ ಕೂಗಿಗೆ ಕಾಗದದ ಮೇಲೆ ರೂಪವಿಲ್ಲ. ಹಾಗಾಗಿ ಚಿತ್ರ ನೋಡಿ ಪ್ರಶಿಕ್ಷಣಾರ್ಥಿಗೆ ಇವುಗಳ ಪರಿವೆಯೇ ಇಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ಕೇಳಿದ ಪ್ರಶ್ನೆಯೇ ಕಣ್ಣಿಗೆ ಮಾತ್ರ ಸಂಬಂಧಿಸಿದ್ದು. ಸಂದರ್ಶನ, ಪ್ರಬಂಧ, 'ತರಗತಿಯೆಂದರೆ ಯಾವುದರ ಹಾಗೆ' ಎಂದು ರೂಪಕ ಕೇಳುವ ಪದ್ಧತಿಗಳೂ ಇವೆ.

ಸಾಲು ಬೆಂಚಿನ ಪೂರ್ವಕಥೆ

ಭಾವಿ ಶಿಕ್ಷಕರ ಮನಸ್ಸಿನಲ್ಲಿ ಬೇರುಬಿಟ್ಟಿರುವ ಸಾಲು ಬೆಂಚಿನ ಕೋಣೆ ಅನಾದಿಯಿಂದ ಬಂದದ್ದಲ್ಲ. ನಮ್ಮ ಕೂಲಿಮಠಗಳಲ್ಲಿ, ಉತ್ತರ ಕರ್ನಾಟಕದವರು ಗಾವಟಿ ಶಾಲೆ ಎನ್ನುತ್ತಿದ್ದ ಐಗಳ ಶಾಲೆಗಳಲ್ಲಿ ಮಕ್ಕಳು ಜಗುಲಿಯ ಮೇಲೋ ಗುಡಿಯ ಅಂಗಳದಲ್ಲೋ ನೆಲಕ್ಕೆ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕ ಆಂಡ್ರ್ಯೂ ಬೆಲ್ ಮಲಬಾರಿನ ಶಾಲೆಯೊಂದರಲ್ಲಿ ಮರಳಿನ ಮೇಲಿನ ಬರವಣಿಗೆಯನ್ನು ಕಂಡು ತಮ್ಮ ಶಾಲೆಯಲ್ಲೂ ಜಾರಿಗೆ ತಂದರು. ಆ ಪ್ರಯೋಗದ ವರದಿಯನ್ನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಮರುವರ್ಷ ಅದೇ ನಗರದಲ್ಲಿ ಜೋಸೆಫ್ ಲ್ಯಾಂಕಸ್ಟರ್ ಎಂಬ ತರುಣ ಬಡಮಕ್ಕಳಿಗಾಗಿ ಶಾಲೆ ತೆರೆದು, ಹಿರಿಯ ಹುಡುಗರ ಕೈಯಲ್ಲಿ ಪಾಠ ಮಾಡಿಸುವ ಇಂಥದೇ ವ್ಯವಸ್ಥೆಯನ್ನು ನೂರಾರು ಮಕ್ಕಳಿಗೆ ಹಿಗ್ಗಿಸಿದರು. ಒಂದೇ ದೊಡ್ಡ ಹಜಾರ, ಮುಂದೆ ಎತ್ತರದ ಕಟ್ಟೆಯ ಮೇಲೆ ಒಬ್ಬ ಗುರು, ಅವರತ್ತ ಮುಖಮಾಡಿದ ಉದ್ದುದ್ದ ಬೆಂಚಿನ ಸಾಲುಗಳು. ಗುರುವಿನ ಕಣ್ಣು ಎಲ್ಲರ ಮೇಲೂ ಹಾಯಬೇಕೆಂಬುದು ಆ ಜೋಡಣೆಯ ಉದ್ದೇಶ. ಜಗುಲಿಯ ಮರಳು ಹಡಗೇರಿ ಹೋಗಿ, ಕಾಲಾಂತರದಲ್ಲಿ ಬೆಂಚಾಗಿ ನಮ್ಮಲ್ಲಿಗೇ ಹಿಂತಿರುಗಿತು.

ಜಾನ್ ಡ್ಯೂಯಿ 1899ರ ತಮ್ಮ 'ದಿ ಸ್ಕೂಲ್ ಅಂಡ್ ಸೊಸೈಟಿ'ಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಮಕ್ಕಳು ಕೈಯಾರೆ ಕೆಲಸ ಮಾಡಬಲ್ಲ ಮೇಜುಗಳನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದರೂ ಸಿಗಲಿಲ್ಲವಂತೆ. ಕೊನೆಗೆ ಅಂಗಡಿಯವನೊಬ್ಬ, ತನ್ನಲ್ಲಿರುವುದೆಲ್ಲ ಕೂತು ಕೇಳುವುದಕ್ಕೆ ಮಾಡಿದ ಬೆಂಚುಗಳು, ನಿಮಗೆ ಬೇಕಿರುವುದು ಕೆಲಸ ಮಾಡುವುದಕ್ಕೆ ಎಂದು ತಾನೇ ವ್ಯತ್ಯಾಸ ಗುರುತಿಸಿದ. ಮರದ ಸಾಮಾನು ಮಾರುವವನಿಗೆ ಹೊಳೆದದ್ದು ಶಿಕ್ಷಣ ಇಲಾಖೆಗಳಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಬೇರೆ ಬಗೆಯ ಕೋಣೆಗಳ ಕಲ್ಪನೆ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಂದರ ಹಿಂದೊಂದು ಬಂತು. 1901ರಲ್ಲಿ ರವೀಂದ್ರನಾಥ ಟಾಗೋರರು ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಮರದ ನೆರಳೇ ತರಗತಿಯಾಯಿತು. 1904ರಲ್ಲಿ ಬರ್ಲಿನ್ ಬಳಿಯ ಶಾರ್ಲಟನ್‌ಬುರ್ಗ್‌ನಲ್ಲಿ ರೋಗಿಷ್ಠ ಮಕ್ಕಳಿಗಾಗಿ ಕಾಡಿನ ಬಯಲು ಶಾಲೆ ಶುರುವಾಯಿತು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮರಿಯಾ ಮಾಂಟೆಸರಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದರು. ಮಗುವೇ ಎತ್ತಿ ಸರಿಸಬಹುದಾದ ಹಗುರ ಕುರ್ಚಿ, ಮಗುವಿನ ಕೈಗೆಟಕುವ ಕಪಾಟು ಅಲ್ಲಿಂದ ಲೋಕಕ್ಕೆ ಹರಡಿದವು. ಮಾಂಟೆಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ಕಾರಣ ವರ್ಷಗಟ್ಟಲೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ಸ್ಥಾಪಿಸಿದ್ದರು. ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳೂ ಈ ಸಾಲಿಗೆ ಸೇರುತ್ತವೆ.

ಇಂದಿನ ಪ್ರಶಿಕ್ಷಣಾರ್ಥಿಗೆ ಈ ಪರಂಪರೆ ತಲುಪುವುದು ಬಹುಮಟ್ಟಿಗೆ ಪುಸ್ತಕಗಳಿಂದ. ಗಿಜುಭಾಯಿಯವರ 'ದಿವಾಸ್ವಪ್ನ', ತೆತ್ಸುಕೊ ಕುರೊಯಾನಾಗಿಯವರ 'ತೊತ್ತೋ ಚಾನ್' ಎರಡೂ ಕನ್ನಡದಲ್ಲಿ ಬಂದಿವೆ, ಶಿಕ್ಷಕರ ನಡುವೆ ಕೈಯಿಂದ ಕೈಗೆ ದಾಟಿವೆ. ಹಳೆಯ ರೈಲು ಡಬ್ಬಿಗಳನ್ನೇ ತರಗತಿ ಮಾಡಿಕೊಂಡ ಟೋಕಿಯೋದ ತೊಮೊಯೆ ಶಾಲೆ ಕನ್ನಡದ ಅದೆಷ್ಟೋ ಶಿಕ್ಷಕರ ಕನಸಿನೊಳಗೆ ಇಳಿದಿದೆ. 1937ರಲ್ಲಿ ಸೊಸಾಕು ಕೊಬಯಾಶಿ ಕಟ್ಟಿದ ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

ಬೆಂಚುಗಳ ಜೋಡಣೆ

ಹೀಗೆ ಕನಸಿನ ಕೋಣೆಯಲ್ಲಿ ಎರಡು ಚಿತ್ರಗಳು ಒಂದರ ಮೇಲೊಂದು ಕೂತಿರುತ್ತವೆ. ತಾನು ಓದಿದ ಶಾಲೆಯ ಸಾಲು ಬೆಂಚು ಒಂದು, ತರಬೇತಿಯಲ್ಲಿ ಕೇಳಿದ ದುಂಡುಮೇಜಿನ ಗುಂಪು ಇನ್ನೊಂದು. ಕೋರ್ಸಿನ ಆರಂಭದಲ್ಲಿ ಮೊದಲನೆಯದೂ, ಬೋಧನಾ ವಿಧಾನಗಳ ಪಾಠ ಮುಗಿದ ಮೇಲೆ ಎರಡನೆಯದೂ ಮೇಲುಗೈ ಪಡೆಯುತ್ತವೆ ಎಂಬುದು ಚಿತ್ರಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಒಲವು.

ಸಾಲಿನ ವಿರುದ್ಧ ಹಳೆಯ ಆಕ್ಷೇಪವೊಂದಿದೆ. ರೇಮಂಡ್ ಆಡಮ್ಸ್ ಮತ್ತು ಬ್ರೂಸ್ ಬಿಡ್ಲ್ 1970ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ತರಗತಿಗಳನ್ನು ಚಿತ್ರೀಕರಿಸಿ ನೋಡಿದಾಗ, ಶಿಕ್ಷಕರ ಪ್ರಶ್ನೆ, ಮಕ್ಕಳ ಉತ್ತರಗಳಲ್ಲಿ ಬಹುಪಾಲು ಮುಂದಿನ ಸಾಲಿನಲ್ಲೂ ನಡುವಿನ ಪಟ್ಟಿಯಲ್ಲೂ ನಡೆಯುತ್ತಿತ್ತು. ಮೂಲೆಯವರು ಪ್ರೇಕ್ಷಕರು. ಹಾಗೆಂದು ಸಾಲನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆಸನ ವ್ಯವಸ್ಥೆಯ ಬಗೆಗಿನ ಎಂಟು ಅಧ್ಯಯನಗಳನ್ನು 2008ರಲ್ಲಿ ಒಟ್ಟಿಗೆ ಪರಿಶೀಲಿಸಿದ ವನಾರ್ಕ ಮತ್ತು ರೂಲ್, ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಸಾಲು ಒಳ್ಳೆಯದು, ಕೂಡಿ ಮಾಡುವ ಕೆಲಸಕ್ಕೆ ಗುಂಪು ಒಳ್ಳೆಯದು ಎಂದು ಕಂಡುಕೊಂಡರು. ಕೆಲಸ ಯಾವುದೆಂದು ತಿಳಿಯದೆ ಬೆಂಚು ಹೇಗಿರಬೇಕೆಂದು ಕೇಳುವುದರಲ್ಲಿ ಅರ್ಥವಿಲ್ಲ.

2025ರಲ್ಲಿ ಈ ಚರ್ಚೆ ನೆರೆರಾಜ್ಯಗಳಲ್ಲಿ ಸುದ್ದಿಯಾಯಿತು. ಹಿಂದಿನ ವರ್ಷ ಬಿಡುಗಡೆಯಾದ 'ಸ್ಥಾನಾರ್ಥಿ ಶ್ರೀಕುಟ್ಟನ್' ಎಂಬ ಮಲಯಾಳಂ ಚಿತ್ರದಿಂದ ಪ್ರೇರಣೆ ಪಡೆದು ಕೇರಳದ ಕೆಲವು ಶಾಲೆಗಳು ಹಿಂಬದಿಯ ಬೆಂಚನ್ನೇ ರದ್ದುಮಾಡಿ ಮೂರು ಗೋಡೆಗಳ ಗುಂಟ ಮಕ್ಕಳನ್ನು ಕೂರಿಸಿದವು. ತಮಿಳುನಾಡಿನಲ್ಲೂ ಇಂಥದೇ ಸೂಚನೆ ಹೊರಟಿತು. ಪಕ್ಕಕ್ಕೆ ಕತ್ತು ತಿರುಗಿಸಿ ಹಲಗೆ ನೋಡಬೇಕಾದ ಮಕ್ಕಳ ಕತ್ತುನೋವಿನ ಬಗ್ಗೆ ಆಕ್ಷೇಪಗಳೂ ಬಂದವು. ಇಲ್ಲಿ ಸರಳ ಲೆಕ್ಕವೊಂದನ್ನು ಮರೆಯುವಂತಿಲ್ಲ. 20 ಅಡಿ ಉದ್ದ, 20 ಅಡಿ ಅಗಲದ ಕೋಣೆಯ ಮೂರು ಗೋಡೆ ಸೇರಿ 60 ಅಡಿ. ಮಗುವಿಗೆ 2 ಅಡಿ ಬಿಟ್ಟರೆ 30 ಮಕ್ಕಳು. ಬಾಗಿಲು, ಕಪಾಟು, ಮೂಲೆಗಳನ್ನು ಕಳೆದರೆ ಇನ್ನೂ ಕಡಿಮೆ. 45 ಮಕ್ಕಳಿರುವ ಕೋಣೆಯಲ್ಲಿ ಎರಡನೆಯ ಸಾಲು ಬಂದೇ ಬರುತ್ತದೆ, ಅದರೊಂದಿಗೆ ಹಿಂಬದಿಯ ಬೆಂಚೂ.

ಗೋಡೆಗಳು

ಪ್ರಶಿಕ್ಷಣಾರ್ಥಿಯ ಉತ್ಸಾಹ ಉಕ್ಕಿ ಹರಿಯುವುದು ಗೋಡೆಯ ಮೇಲೆ. ಬೋಧನಾಭ್ಯಾಸಕ್ಕೆ ಹೊರಟವರ ಕಂಕುಳಲ್ಲಿ ಸುತ್ತಿದ ಚಾರ್ಟುಗಳು ಇದ್ದೇ ಇರುತ್ತವೆ. ಥರ್ಮೋಕೋಲು, ಬಣ್ಣದ ಕಾಗದ, ಸ್ಕೆಚ್ ಪೆನ್ನುಗಳಿಗೆ ಮಾಡುವ ಖರ್ಚು ಕಡಿಮೆಯದಲ್ಲ. ಕಲಿಕೋಪಕರಣಕ್ಕೆ ಅಂಕಗಳಿರುವುದೂ ಇದಕ್ಕೊಂದು ಕಾರಣ. ಆದರ್ಶ ಕೋಣೆಯೆಂದರೆ ಒಂದಿಂಚೂ ಖಾಲಿಯಿಲ್ಲದ ಬಣ್ಣದ ಗೋಡೆ ಎಂಬ ಭಾವನೆ ಹೀಗೆ ಗಟ್ಟಿಯಾಗುತ್ತದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫಿಶರ್, ಗಾಡ್ವಿನ್ ಮತ್ತು ಸೆಲ್ಟ್‌ಮನ್ 2014ರಲ್ಲಿ ಈ ಭಾವನೆಯನ್ನು ಪರೀಕ್ಷೆಗೆ ಒಡ್ಡಿದರು. ಶಿಶುವಿಹಾರದ 24 ಮಕ್ಕಳಿಗೆ ಆರು ವಿಜ್ಞಾನ ಪಾಠಗಳನ್ನು ಹೇಳಿದರು. ಮೂರನ್ನು ಅಲಂಕರಿಸಿದ ಕೋಣೆಯಲ್ಲಿ, ಮೂರನ್ನು ಬರಿಗೋಡೆಯ ಕೋಣೆಯಲ್ಲಿ. ಅಲಂಕಾರದ ಕೋಣೆಯಲ್ಲಿ ಮಕ್ಕಳ ಗಮನ ಶೇ 38.6ರಷ್ಟು ಹೊತ್ತು ಪಾಠದಿಂದ ಆಚೆಗಿತ್ತು, ಬರಿಗೋಡೆಯ ಕೋಣೆಯಲ್ಲಿ ಶೇ 28.4ರಷ್ಟು. ಪರೀಕ್ಷೆಯಲ್ಲಿ ಸರಿಯುತ್ತರಗಳು ಕ್ರಮವಾಗಿ ಶೇ 42 ಮತ್ತು ಶೇ 55. ಚಿಕ್ಕ ಗುಂಪಿನ ಮೇಲೆ ನಡೆದ ಪ್ರಯೋಗವಾದ್ದರಿಂದ ಗೋಡೆಗಳನ್ನೆಲ್ಲ ಬೋಳಾಗಿಸಬೇಕಿಲ್ಲ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು (ಅದರ ವಿವರ ಮುಂದಿದೆ) ತೀರಾ ಬೋಳೂ ಅಲ್ಲದ ತೀರಾ ಕಿಕ್ಕಿರಿದೂ ಇಲ್ಲದ ಮಧ್ಯಮ ಗೋಡೆಯೇ ಮೇಲು ಎನ್ನುತ್ತದೆ. ಗೋಡೆಯ ಮೇಲೆ ಎಷ್ಟಿದೆ ಎನ್ನುವುದಕ್ಕಿಂತ ಯಾರದಿದೆ ಎಂದು ಕೇಳುವುದು ಲೇಸು. ಶಿಕ್ಷಕಿ ಇರುಳೆಲ್ಲ ಕೂತು ಬರೆದ ಚಾರ್ಟಿಗಿಂತ ಮಗು ತಾನೇ ಗೀಚಿದ ಹಾಳೆ ಆ ಕೋಣೆಯನ್ನು ಮಗುವಿನದಾಗಿಸುತ್ತದೆ. ಇಟಲಿಯ ರೆಜಿಯೊ ಎಮಿಲಿಯಾ ನಗರದ ಶಿಶುಶಾಲೆಗಳಲ್ಲಿ ಪರಿಸರವನ್ನು ಮೂರನೆಯ ಶಿಕ್ಷಕನೆಂದು ಕಂಡ ಲೊರಿಸ್ ಮಲಗುಟ್ಸಿಯವರ ಅನುಯಾಯಿಗಳು ಮಕ್ಕಳ ಕೆಲಸವನ್ನು ಪ್ರದರ್ಶಿಸಲು ಕೊಡುವ ಕಾಳಜಿ ಈ ಕಾರಣಕ್ಕೇ ಪ್ರಸಿದ್ಧ.

ಭಾರತದಲ್ಲಿ ಕಟ್ಟಡವನ್ನೇ ಪಾಠೋಪಕರಣ ಮಾಡುವ 'ಬಾಲಾ' ಎಂಬ ಪರಿಕಲ್ಪನೆಯನ್ನು ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಸಂಗಡಿಗರು ರೂಪಿಸಿದರು. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಅದು ಹಲವು ರಾಜ್ಯಗಳಿಗೆ ಹಬ್ಬಿತು. ಬಾಗಿಲು ತೆರೆದಾಗ ಅದರ ಅಂಚು ಸುತ್ತುವ ನೆಲದಲ್ಲಿ ಕೋನಮಾಪಕ, ಮೆಟ್ಟಿಲಿಗೆ ಅಂಕಿ, ಬೆರಳಾಡಿಸಿ ಅಕ್ಷರ ತಿದ್ದುವಂಥ ಕಿಟಕಿ ಸರಳು. ಇವು ಅಲಂಕಾರಕ್ಕೆ ಇಟ್ಟವಲ್ಲ, ಬಳಸಿ ಸವೆಸಬೇಕಾದವು. ಬಳಸದಿದ್ದಲ್ಲಿ ಇವೂ ಬಣ್ಣ ಮಾಸಿದ ಚಿತ್ರಗಳಾಗಿ ಉಳಿಯುತ್ತವೆ.

ಗಾಳಿ, ಬೆಳಕು, ಸದ್ದು

ಮೇಲೆ ಹೇಳಿದ ಬ್ರಿಟನ್ನಿನ ಅಧ್ಯಯನವನ್ನು ಸಾಲ್ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಬ್ಯಾರೆಟ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದರು. 27 ಪ್ರಾಥಮಿಕ ಶಾಲೆಗಳ 153 ಕೋಣೆಗಳು, 3,766 ಮಕ್ಕಳು. ಒಂದು ವರ್ಷದ ಕಲಿಕೆಯ ಪ್ರಗತಿಯಲ್ಲಿ ಮಕ್ಕಳ ನಡುವೆ ಕಂಡ ವ್ಯತ್ಯಾಸದ ಶೇ 16ರಷ್ಟನ್ನು ಕೋಣೆಯ ಭೌತಿಕ ಗುಣಗಳು ವಿವರಿಸುತ್ತವೆ ಎಂಬುದು ಅದರ ಫಲಿತಾಂಶ. ಆ ಪ್ರಭಾವದ ಅರ್ಧದಷ್ಟು ಬೆಳಕು, ತಾಪ, ಗಾಳಿಯ ಗುಣ ಮೊದಲಾದ ನೈಸರ್ಗಿಕ ಅಂಶಗಳದ್ದು; ಉಳಿದರ್ಧವನ್ನು ಬಣ್ಣ, ದೃಶ್ಯ ಸಂಕೀರ್ಣತೆ, ಕೋಣೆಯ ಹೊಂದಿಕೆ, ಮಗುವಿಗೆ ತನ್ನದೆನಿಸುವ ಭಾವ ಇವೆಲ್ಲ ಹಂಚಿಕೊಳ್ಳುತ್ತವೆ. ಕಿಟಕಿ ತೆರೆಯಲು ಬರುತ್ತದೆಯೇ ಎಂಬುದು ಗೋಡೆಗೆ ಯಾವ ಬಣ್ಣ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಸದ್ದಿನ ವಿಷಯದಲ್ಲಿ ನ್ಯೂಯಾರ್ಕಿನ ಒಂದು ಶಾಲೆಯ ಕಥೆ ಪಠ್ಯಪುಸ್ತಕಗಳಿಗೇ ಸೇರಿಹೋಗಿದೆ. ಎತ್ತರದ ರೈಲುಹಳಿಯ ಪಕ್ಕದಲ್ಲಿದ್ದ ಆ ಶಾಲೆಯಲ್ಲಿ ಹಳಿಯ ಕಡೆಗಿನ ಕೋಣೆಗಳಲ್ಲಿ ಕೂತ ಮಕ್ಕಳು ಓದಿನಲ್ಲಿ ಇನ್ನೊಂದು ಕಡೆಯವರಿಗಿಂತ ಹಿಂದಿದ್ದರು. ಆರನೆಯ ತರಗತಿಯ ಹೊತ್ತಿಗೆ ಅಂತರ ಒಂದು ವರ್ಷದ ಹತ್ತಿರಕ್ಕೆ ಬಂದಿತ್ತು. ಅರ್ಲೀನ್ ಬ್ರೋನ್‌ಜಾಫ್ಟ್ ಮತ್ತು ಡೆನ್ನಿಸ್ ಮೆಕಾರ್ಥಿ ಇದನ್ನು 1975ರಲ್ಲಿ ಪ್ರಕಟಿಸಿದರು. ಹಳಿಯ ಕೆಳಗೆ ರಬ್ಬರು, ಕೋಣೆಗಳಿಗೆ ಸದ್ದು ಹೀರುವ ಒಳಚಾವಣಿ ಹಾಕಿದ ಮೇಲೆ 1981ರ ಮರುಅಧ್ಯಯನದಲ್ಲಿ ಆ ಅಂತರ ಅಳಿಸಿಹೋಗಿತ್ತು. ಮಕ್ಕಳೂ ಶಿಕ್ಷಕರೂ ಪಠ್ಯವೂ ಅದೇ ಬಗೆಯವು, ಬದಲಾದದ್ದು ಸದ್ದು. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಪಾಠ ನಡೆಯುವಾಗ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದಿತು. ಜುಲೈ ತಿಂಗಳಲ್ಲಿ ಕರಾವಳಿಯ ತಗಡಿನ ಮಾಡಿನ ಕೆಳಗೆ ನಿಂತು ಪಾಠ ಮಾಡಿದವರಿಗೆ ಈ ಸಂಖ್ಯೆ ಬೇರೆ ಲೋಕದ್ದೆನಿಸಬಹುದು.

ಅಂಗವಿಕಲ ಮಕ್ಕಳ ಅಗತ್ಯವೂ ಕನಸಿನ ಕೋಣೆಯಲ್ಲಿ ಹಿಂದೆ ಬೀಳುವ ಸಂಗತಿ. ಹೊರಗಿನ ಇಳಿಜಾರು ಎಲ್ಲರಿಗೂ ನೆನಪಿರುತ್ತದೆ. ಗಾಲಿಕುರ್ಚಿ ತಿರುಗಲು ಬೆಂಚುಗಳ ನಡುವೆ ಬೇಕಾದ ಜಾಗ, ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವ ಮಗುವಿಗೆ ಶಿಕ್ಷಕರ ಮುಖದ ಮೇಲೆ ಬೀಳಬೇಕಾದ ಬೆಳಕು ನೆನಪಿರುವುದಿಲ್ಲ.

ಮಕ್ಕಳ ಬೇಡಿಕೆ

ಬ್ರಿಟನ್ನಿನ 'ಅಬ್ಸರ್ವರ್' ಪತ್ರಿಕೆ 1967ರಲ್ಲಿ, 'ಗಾರ್ಡಿಯನ್' 2001ರಲ್ಲಿ ತಮಗೆ ಬೇಕಾದ ಶಾಲೆಯ ಬಗ್ಗೆ ಬರೆಯಲು ಮಕ್ಕಳಿಗೆ ಸ್ಪರ್ಧೆ ಏರ್ಪಡಿಸಿದವು. ಎರಡನೆಯ ಸ್ಪರ್ಧೆಯ ಬರಹಗಳಿಂದ ಆಯ್ದು ಮಾಡಿದ ಮಕ್ಕಳ ಪ್ರಣಾಳಿಕೆ ಸುಂದರವಾದ, ಹಿತವಾದ, ಸುರಕ್ಷಿತವಾದ, ತಮ್ಮ ಮಾತಿಗೆ ಕಿವಿಗೊಡುವ ಶಾಲೆಯನ್ನು ಕೇಳಿತು. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಕೂರಲು ಮೆತ್ತನೆಯ ಜಾಗ ಅವರ ಬಯಕೆಗಳಲ್ಲಿದ್ದವು. ಶಿಕ್ಷಕರ ಕನಸು ಗೋಡೆಯ ಸುತ್ತ ತಿರುಗುವಾಗ ಮಕ್ಕಳ ಕನಸು ಮೈಯ ಸುಖದ ಸುತ್ತ ಇರುತ್ತದೆ.

ಕರ್ನಾಟಕದಲ್ಲಿ

ಕನ್ನಡ ನಾಡಿನ ಪ್ರಶಿಕ್ಷಣಾರ್ಥಿಗೆ ಕನಸಿನ ಕೋಣೆಯ ಜೀವಂತ ಮಾದರಿಯೊಂದು ಹತ್ತಿರದಲ್ಲೇ ಇದೆ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಕಲಿತು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆರಂಭಿಸಿದ 'ನಲಿ-ಕಲಿ' 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಶಿಕ್ಷಕರೂ ಅವರ ಜೊತೆ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ, ತಲೆಯ ಮೇಲೆ ಎಳೆದ ದಾರಗಳ ಚಪ್ಪರದಲ್ಲಿ ಮಕ್ಕಳದೇ ಚಿತ್ರ, ಬರಹ. ಗೋಡೆಯ ಮೇಲೆ ಕಲಿಕಾ ಏಣಿ, ಪ್ರಗತಿ ನೋಟ, ದಿನದಿನದ ಹವಾಮಾನ ನಕ್ಷೆ. ಕಾರ್ಡುಗಳನ್ನು ಮಗುವೇ ಎತ್ತಿಕೊಳ್ಳುತ್ತದೆ. ವಿದೇಶಿ ಪಠ್ಯಗಳು ಹೇಳುವ ಮಗುಕೇಂದ್ರಿತ ಕೋಣೆಯ ಲಕ್ಷಣಗಳೆಲ್ಲ ನಮ್ಮ ಹಳ್ಳಿಯ ಹಂಚಿನ ಮಾಡಿನ ಕೆಳಗೆ ಮೂಡಿದ್ದು ಸಣ್ಣ ಸಂಗತಿಯಲ್ಲ. ನಲಿ-ಕಲಿಯ ತರಗತಿಗಳನ್ನು ದಾಟಿ ನಾಲ್ಕನೆಯ ತರಗತಿಗೆ ಬಂದೊಡನೆ ಮಗು ಮತ್ತೆ ಸಾಲು ಬೆಂಚಿಗೆ ಮರಳುತ್ತದೆ ಎಂಬುದೂ ಅಷ್ಟೇ ನಿಜ.

ತೊಮೊಯೆಯ ರೈಲೂ ಇಲ್ಲಿಗೆ ಬಂದಿದೆ. ಗೋಡೆಗೆ ರೈಲು ಬೋಗಿಯ ಬಣ್ಣ ಬಳಿದ ಸರ್ಕಾರಿ ಶಾಲೆಗಳು ಹಲವು ಜಿಲ್ಲೆಗಳಲ್ಲಿವೆ. 2020ರಲ್ಲಿ ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರದವರು ಗುಜರಿಗೆ ಹೋಗಬೇಕಿದ್ದ ಬೋಗಿಗಳನ್ನು ರೈಲ್ವೆ ವಸತಿ ಪ್ರದೇಶದ ಸರ್ಕಾರಿ ಶಾಲೆಗೆ ನಿಜವಾದ ತರಗತಿಗಳನ್ನಾಗಿ ಮಾಡಿಕೊಟ್ಟರು. ಬಣ್ಣದ ಮಾತು ರಾಜಕೀಯಕ್ಕೂ ಹೊರಳಿದ್ದುಂಟು: 2022ರಲ್ಲಿ 'ವಿವೇಕ' ಯೋಜನೆಯ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಪ್ರಸ್ತಾವ ದೊಡ್ಡ ವಾಗ್ವಾದಕ್ಕೆ ಕಾರಣವಾಯಿತು. ಅದೇ ಕೊಠಡಿಗಳ ಕಿಟಕಿ, ಗಾಳಿಗಳ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ.

ಕನಸಿಗೂ ಕೋಣೆಗೂ ಮುಖಾಮುಖಿಯಾಗುವುದು ಶಾಲಾ ಇಂಟರ್ನ್‌ಶಿಪ್ ವೇಳೆಯಲ್ಲಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲೆಯಲ್ಲಿ ಕಳೆಯುವ ಅವಧಿಯನ್ನು 20 ವಾರಕ್ಕೆ ಏರಿಸಿತು. ಮೊದಲ ವಾರದಲ್ಲೇ ತಿಳಿಯುವ ಸತ್ಯವೆಂದರೆ ಕೋಣೆ ತನ್ನದಲ್ಲ. ಬೆಂಚು ಸರಿಸಿದರೆ ಮುಂದಿನ ಪೀರಿಯಡ್ಡಿನವರು ಮತ್ತೆ ಮೊದಲಿನಂತೆ ಇಡಬೇಕು, ಚಾರ್ಟು ಅಂಟಿಸಿದರೆ ಸುಣ್ಣ ಕಿತ್ತುಬರುತ್ತದೆ ಎಂದು ಮುಖ್ಯೋಪಾಧ್ಯಾಯರ ಆಕ್ಷೇಪ. ಪಾಠ ಯೋಜನೆಯನ್ನು ಹತ್ತಾರು ಸಲ ಬರೆಸುವ ನಮ್ಮ ತರಬೇತಿ ಕಾಲೇಜುಗಳು ಕೋಣೆಯ ಯೋಜನೆಯನ್ನೂ ಬರೆಸಬೇಕು: ಬೆಳಕು ಯಾವ ಕಡೆಯಿಂದ ಬರುತ್ತದೆ, ಕೊನೆಯ ಬೆಂಚಿಗೆ ದನಿ ಮುಟ್ಟುತ್ತದೆಯೇ, ಮಧ್ಯಾಹ್ನ ಸೆಕೆ ಎಷ್ಟೇರುತ್ತದೆ. ಇದಕ್ಕೆ ಅಳತೆಪಟ್ಟಿ, ಉಷ್ಣಮಾಪಕ, ಎರಡು ಕಿವಿ ಸಾಕು.

ಸರ್ಕಾರದ ಮಾನದಂಡಗಳು ಇಲ್ಲಿಯವರೆಗೆ ಮುಖ್ಯವಾಗಿ ಎಣಿಕೆಯವು. 1987ರಲ್ಲಿ ಶುರುವಾದ 'ಕಪ್ಪುಹಲಗೆ ಕಾರ್ಯಾಚರಣೆ' ಪ್ರತಿ ಪ್ರಾಥಮಿಕ ಶಾಲೆಗೆ ಮಳೆಬಿಸಿಲಿಗೆ ತಡೆಯುವ ಎರಡು ಕೋಣೆಗಳಾದರೂ ಇರಲಿ ಎಂದಿತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಬ್ಬ ಶಿಕ್ಷಕರಿಗೆ ಒಂದು ಕೋಣೆ, ಅಡೆತಡೆಯಿಲ್ಲದ ಪ್ರವೇಶ, ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಆವರಣ ಗೋಡೆಗಳನ್ನು ಕಡ್ಡಾಯ ಮಾಡಿದೆ. ಕೋಣೆಯ ವಿಸ್ತೀರ್ಣ, ಕಿಟಕಿಯ ಅಳತೆ, ಸದ್ದಿನ ಮಿತಿ ಆ ಅನುಸೂಚಿಯಲ್ಲಿ ಇಲ್ಲ.